ಜಪಸರದ ಪಕ್ಕದಲ್ಲಿ ಒಂದು ಮಾತ್ರೆ



ನೆಲ್ಯಾಡಿಯ ಹೆದ್ದಾರಿಯ ಬದಿಯಲ್ಲಿ ಒಂದು ರಾತ್ರಿ ತಂಗಿದವರಿಗೆ ಅಲ್ಲಿನ ಸದ್ದು ನೆನಪಿರುತ್ತದೆ. ಮಂಗಳೂರಿನಿಂದ ಬೆಂಗಳೂರಿಗೆ ಹೋಗುವ ಲಾರಿಗಳು ರಾತ್ರಿಯಿಡೀ ಗುಂಡ್ಯ ದಾಟಿ ಶಿರಾಡಿ ಘಾಟಿಯನ್ನು ಏರಲು ಸಾಲಾಗಿ ಸಾಗುತ್ತವೆ. ಆ ಸದ್ದಿಗೆ ಒಗ್ಗಿಹೋದ ಮನೆಮಂದಿ ನೆಮ್ಮದಿಯಿಂದ ಮಲಗುತ್ತಾರೆ. ಆದರೆ ಯಾವುದೋ ಒಂದು ಮನೆಯಲ್ಲಿ ಒಬ್ಬರು ಎಚ್ಚರವಾಗಿರುತ್ತಾರೆ. ಕಾರಣವಿಲ್ಲದೆ ಎದೆ ಹೊಡೆದುಕೊಳ್ಳುತ್ತದೆ, ಅಂಗೈ ಬೆವರುತ್ತದೆ, ಬೆಳಗಾಗುವುದರೊಳಗೆ ಏನೋ ಕೆಟ್ಟದ್ದು ಸಂಭವಿಸುತ್ತದೆ ಎನಿಸುತ್ತದೆ. ಅವರ ತಲೆದೆಸೆಯಲ್ಲಿ ಜಪಸರವಿರುತ್ತದೆ. ಅದರ ಪಕ್ಕದಲ್ಲಿ, ನೆಂಟರು ಬಂದಾಗ ಮರೆಮಾಡುವ ಒಂದು ಮಾತ್ರೆಯ ಹಾಳೆಯೂ ಇರುತ್ತದೆ.

ಭಾನುವಾರದ ಬಲಿಪೂಜೆ ಮುಗಿದು ಎಲ್ಲರೂ ಹೊರಟುಹೋದ ಮೇಲೆ ಇಂಥವರು ಮೆಲ್ಲನೆ ಬಂದು ಕೇಳುವ ಪ್ರಶ್ನೆ ಬಹುತೇಕ ಒಂದೇ. “ಫಾದರ್, ಈ ಮಾತ್ರೆಯನ್ನು ಇನ್ನೆಷ್ಟು ವರ್ಷ ತೆಗೆದುಕೊಳ್ಳುವುದು? ದೇವರ ಮೇಲೆ ಭಾರ ಹಾಕಿ ನಿಲ್ಲಿಸಿಬಿಟ್ಟರೆ ಆಗದೇ?”

ಈ ಪ್ರಶ್ನೆಯಲ್ಲಿ ಎರಡು ಪ್ರಶ್ನೆಗಳು ಹೆಣೆದುಕೊಂಡಿವೆ. ಒಂದು ವೈದ್ಯಕೀಯವಾದುದು, ಇನ್ನೊಂದು ವಿಶ್ವಾಸಕ್ಕೆ ಸೇರಿದುದು. ಎರಡನ್ನೂ ಒಂದೇ ಉಸಿರಿನಲ್ಲಿ ಕೇಳುವಂತಾದುದಕ್ಕೆ ದೀರ್ಘವಾದ ಒಂದು ಇತಿಹಾಸವಿದೆ. ಆ ಇತಿಹಾಸವನ್ನು ಅರಿತರೆ ಉತ್ತರವೂ ತಕ್ಕಮಟ್ಟಿಗೆ ತಿಳಿಯಾಗುತ್ತದೆ ಎಂಬ ನಂಬಿಕೆಯಿಂದ ಈ ಲೇಖನವನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಗೋಡೆಗಳ ಕಾಲ

ನಮ್ಮ ದಕ್ಷಿಣ ಕನ್ನಡವು 1956ರ ನವೆಂಬರ್ 1ರಂದು ಅಂದಿನ ಮೈಸೂರು ರಾಜ್ಯಕ್ಕೆ ಸೇರುವವರೆಗೆ ಮದ್ರಾಸಿನ ಆಡಳಿತಕ್ಕೆ ಒಳಪಟ್ಟಿತ್ತು. ಮನೋರೋಗಿಗಳಿಗಾಗಿ ಸರಕಾರ ಕಟ್ಟಿಸಿದ ಆಸ್ಪತ್ರೆಗಳಲ್ಲಿ ನಮಗೆ ಹತ್ತಿರವಾದುದೆಂದರೆ 1872ರಲ್ಲಿ ಕಲ್ಲಿಕೋಟೆಯ ಕುದಿರವಟ್ಟಂನಲ್ಲಿ ಆರಂಭವಾದುದು. ಮಂಗಳೂರಿಗೆ ರೈಲು ಬಂದುದೇ 1907ರಲ್ಲಿ. ಹೀಗಿರುವಾಗ ಘಟ್ಟದ ಬುಡದ ಹಳ್ಳಿಯಿಂದ ಕಲ್ಲಿಕೋಟೆಗೆ ಹೋಗುವುದೆಂದರೆ ಸಣ್ಣ ಮಾತಾಗಿರಲಿಲ್ಲ. ಕರ್ನಾಟಕದ ಇತರ ಭಾಗಗಳಲ್ಲಿ ಧಾರವಾಡದ ಆಸ್ಪತ್ರೆ 1845ರಷ್ಟು, ಬೆಂಗಳೂರಿನದು 1847ರಷ್ಟು ಹಳೆಯವು. ಇವುಗಳನ್ನು ಜನರು ಕರೆದುದು ‘ಹುಚ್ಚಾಸ್ಪತ್ರೆ’ ಎಂದು. ಚಿಕಿತ್ಸೆಗೆ ತಕ್ಕ ಔಷಧವೇ ಇಲ್ಲದಿದ್ದ ಆ ಕಾಲದಲ್ಲಿ ಅವು ಮುಖ್ಯವಾಗಿ ಗೋಡೆಗಳಾಗಿದ್ದವು. ಒಳಗಿರುವವರನ್ನು ಹೊರಗಿನವರಿಂದ ಬೇರ್ಪಡಿಸುವುದೇ ಅವುಗಳ ಮೊದಲ ಕೆಲಸವಾಗಿತ್ತು.

ಆತಂಕದಿಂದ ನರಳುವವರು ಆ ಗೋಡೆಗಳ ತನಕ ಹೋಗುತ್ತಿದ್ದುದು ವಿರಳ. ಅವರು ತೋಟಕ್ಕೆ ಹೋಗುತ್ತಿದ್ದರು, ಅಡುಗೆ ಮಾಡುತ್ತಿದ್ದರು, ಮಕ್ಕಳನ್ನು ಸಾಕುತ್ತಿದ್ದರು. ರಾತ್ರಿ ಮಾತ್ರ ನಿದ್ರೆಯಿರಲಿಲ್ಲ. ಅಂಥವರಿಗೆ ‘ಹೆದರಿಕೆ ಹೊಕ್ಕಿದೆ’ ಎಂದು ನೂಲು ಕಟ್ಟಿಸುವವರಿದ್ದರು, ‘ಸೋಂಕು ತಗಲಿದೆ’ ಎಂದು ಮಂತ್ರವಾದಿಯ ಬಳಿಗೆ ಕರೆದೊಯ್ಯುವವರಿದ್ದರು. ಕ್ರೈಸ್ತರ ಮನೆಗಳಲ್ಲಿ ಪವಿತ್ರ ಜಲ ಚಿಮುಕಿಸಿ, ‘ನಿನ್ನ ವಿಶ್ವಾಸ ಕಡಿಮೆಯಾಗಿದೆ’ ಎಂದು ಬುದ್ಧಿ ಹೇಳುವವರಿದ್ದರು. ಕಳೆದ ಶತಮಾನದ ಮಧ್ಯಭಾಗದ ನಂತರ ಕೇರಳದಿಂದ ಬಂದು ಈ ಕಾಡಂಚಿನಲ್ಲಿ ನೆಲೆಯೂರಿದ ನಮ್ಮ ಹಿರಿಯರನ್ನೇ ನೆನೆಯಿರಿ. ಹೊಸ ನೆಲ, ಬಾರದ ಭಾಷೆ, ಮಲೇರಿಯಾ, ಆನೆಯ ಕಾಟ, ಸಾಲದ ಭಾರ ಇವೆಲ್ಲವನ್ನೂ ಹೊತ್ತವರು ಅವರು. ಅವರಲ್ಲಿ ಯಾರಿಗೂ ಎದೆ ನಡುಗಲಿಲ್ಲವೆಂದು ಭಾವಿಸಲಾದೀತೇ? ನಡುಗಿದವರು ಅದಕ್ಕೆ ಹೆಸರಿಡಲಿಲ್ಲ, ಅಷ್ಟೆ.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ದೇಹದ ಕಾಯಿಲೆಗೆ ಔಷಧ ಕೊಡುವುದರಲ್ಲಿ ಧರ್ಮಸಭೆ ನಮ್ಮ ಜಿಲ್ಲೆಯಲ್ಲಿ ಹಿಂದುಳಿದಿರಲಿಲ್ಲ. ಯೇಸುಸಭೆಯ ಫಾದರ್ ಆಗಸ್ಟಸ್ ಮುಲ್ಲರ್ ಅವರು 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಹೋಮಿಯೋಪಥಿ ಔಷಧ ಹಂಚತೊಡಗಿದರು, 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕಲ್ಪಿಸಿದರು. ಅವರ ಕೈಯಿಂದ ಔಷಧ ಪಡೆದವರನ್ನು ವಿಶ್ವಾಸಹೀನರೆಂದು ಯಾರೂ ಕರೆಯಲಿಲ್ಲ. ಆ ಆಕ್ಷೇಪವನ್ನು ನಾವು ಮನಸ್ಸಿನ ಔಷಧಕ್ಕೆ ಮಾತ್ರ ಮೀಸಲಿಟ್ಟೆವು. ಹಳೆಯ ಗೋಡೆಗಳ ನೆರಳು ನಮ್ಮ ಮಾತಿನ ಮೇಲೆ ಇನ್ನೂ ಬಿದ್ದಿರುವುದಕ್ಕೆ ಇದೇ ಸಾಕ್ಷಿ.

ಬೇರಿನಿಂದ ಮಾತ್ರೆಗೆ

ಮನಸ್ಸನ್ನು ಶಾಂತಗೊಳಿಸುವ ಆಧುನಿಕ ಔಷಧಗಳ ಕಥೆಯ ಒಂದು ತುದಿ ನಮ್ಮ ನೆಲದಲ್ಲೇ ಇದೆ. ಪಶ್ಚಿಮ ಘಟ್ಟದ ತೇವದ ಕಾಡುಗಳಲ್ಲಿಯೂ ಬೆಳೆಯುವ ಸರ್ಪಗಂಧವೆಂಬ ಗಿಡದ ಬೇರನ್ನು ಭಾರತದ ವೈದ್ಯರು ಬಹುಕಾಲದಿಂದ ನಿದ್ರಾಹೀನತೆಗೂ ಚಿತ್ತಕ್ಷೋಭೆಗೂ ಕೊಡುತ್ತಿದ್ದರು. 1931ರಲ್ಲಿ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಎಂಬ ವೈದ್ಯರು ಆ ಬೇರು ರಕ್ತದೊತ್ತಡಕ್ಕೂ ಮನೋರೋಗಕ್ಕೂ ಉಪಯುಕ್ತವೆಂದು ಬರೆದರು. 1949ರಲ್ಲಿ ಮುಂಬಯಿಯ ಡಾ. ರುಸ್ತುಂ ಜಾಲ್ ವಕೀಲ್ ಅವರು ರಕ್ತದೊತ್ತಡದ ರೋಗಿಗಳಲ್ಲಿ ಅದರ ಫಲವನ್ನು ಇಂಗ್ಲೆಂಡಿನ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು ಆ ಬೇರಿನಿಂದ ರೆಸರ್ಪಿನ್ ಎಂಬ ಸಾರವನ್ನು ಬೇರ್ಪಡಿಸಿದರು. ಅದೇ ವರ್ಷ ಪ್ಯಾರಿಸಿನಲ್ಲಿ ಕ್ಲೋರ್‌ಪ್ರೊಮಜಿನ್ ಎಂಬ ಇನ್ನೊಂದು ಔಷಧವನ್ನು ತೀವ್ರ ಮನೋರೋಗಿಗಳಿಗೆ ಕೊಡಲಾಯಿತು. ಗೋಡೆಗಳ ಕಾಲ ಅಲುಗಾಡತೊಡಗಿದುದು ಆಗಲೇ.

ಧರ್ಮಸಭೆ ಇದನ್ನೆಲ್ಲ ದೂರದಿಂದ ನೋಡುತ್ತಾ ಕುಳಿತಿರಲಿಲ್ಲ. 1958ರ ಸೆಪ್ಟೆಂಬರ್ 9ರಂದು, ತಮ್ಮ ಮರಣಕ್ಕೆ ಸರಿಯಾಗಿ ಒಂದು ತಿಂಗಳ ಮೊದಲು, ಜಗದ್ಗುರು ಹನ್ನೆರಡನೆಯ ಪಯಸ್ ಅವರು ರೋಮಿನಲ್ಲಿ ಸೇರಿದ್ದ ಮನೋಔಷಧ ತಜ್ಞರ ಅಂತಾರಾಷ್ಟ್ರೀಯ ಸಮ್ಮೇಳನವನ್ನುದ್ದೇಶಿಸಿ ಮಾತನಾಡಿದರು. ಹೊಸ ಔಷಧಗಳನ್ನು ಅವರು ಪಾಪವೆಂದು ತಳ್ಳಿಹಾಕಲಿಲ್ಲ. ರೋಗಿಯ ಹಿತಕ್ಕಾಗಿ ನಡೆಯುವ ಚಿಕಿತ್ಸೆಯನ್ನು ಮಾನ್ಯ ಮಾಡಿ, ಮನುಷ್ಯವ್ಯಕ್ತಿಯ ಘನತೆಯನ್ನು ಅದರ ಮೇರೆಯಾಗಿ ತೋರಿಸಿಕೊಟ್ಟರು. ಇಂದಿಗೆ ಆರು ದಶಕಗಳಿಗೂ ಹಿಂದಿನ ಮಾತಿದು. ಆದರೂ ನಮ್ಮ ಕೆಲವು ಪ್ರಾರ್ಥನಾಕೂಟಗಳಲ್ಲಿ ‘ಮಾತ್ರೆ ಬಿಟ್ಟು ಪ್ರಾರ್ಥಿಸಿ’ ಎಂಬ ಉಪದೇಶ ಕೇಳಿಬರುವುದು ವಿಷಾದದ ಸಂಗತಿ.

ಸಾಮಾನ್ಯ ಆತಂಕಕ್ಕೆ ಮಾತ್ರೆ ಎಂಬುದು ಮನೆಮನೆಗೆ ತಲುಪಿದುದು ಆ ಬಳಿಕ. 1960ರಲ್ಲಿ ಲಿಬ್ರಿಯಂ, 1963ರಲ್ಲಿ ಡಯಾಜೆಪಾಮ್ ಮಾರುಕಟ್ಟೆಗೆ ಬಂದವು. ಇವೆರಡೂ ಒಂದೇ ಗುಂಪಿನ ಔಷಧಗಳು. ನುಂಗಿದ ಗಂಟೆಯೊಳಗೆ ಎದೆಬಡಿತ ತಗ್ಗುತ್ತಿತ್ತು, ನಿದ್ರೆ ಬರುತ್ತಿತ್ತು. ಜಗತ್ತಿನಾದ್ಯಂತ ವೈದ್ಯರು ಇವನ್ನು ಧಾರಾಳವಾಗಿ ಬರೆದುಕೊಟ್ಟರು. 1987ರ ಕೊನೆಗೆ ಅಮೆರಿಕದಲ್ಲಿ ಮಂಜೂರಾದ ಫ್ಲೂಆಕ್ಸೆಟಿನ್ ಹಾಗೂ ಅದರ ಬಳಗದ ಔಷಧಗಳು ಮುಂದಿನ ದಾರಿ ತೆರೆದವು. ಇವು ಕೂಡಲೇ ಫಲ ಕೊಡುವುದಿಲ್ಲ. ಕೆಲವು ವಾರ ಕಾಯಬೇಕು. ಆದರೆ ದೀರ್ಘಕಾಲದ ಆತಂಕಕ್ಕೆ ಇಂದು ವೈದ್ಯರು ಸಾಮಾನ್ಯವಾಗಿ ಮೊದಲು ಆರಿಸುವುದು ಈ ಎರಡನೆಯ ಬಳಗವನ್ನು.

ಮಾತ್ರೆ ಕಲಿಸಿದ ಪಾಠ

ಡಯಾಜೆಪಾಮಿನ ಬಳಗ ಒಂದು ಕಹಿ ಪಾಠವನ್ನೂ ಕಲಿಸಿತು. ತಿಂಗಳುಗಟ್ಟಲೆ, ವರ್ಷಗಟ್ಟಲೆ ಸೇವಿಸಿದವರು ಅದನ್ನು ಥಟ್ಟನೆ ಬಿಟ್ಟಾಗ ನಡುಕ, ನಿದ್ರಾಹೀನತೆ, ಮೊದಲಿಗಿಂತ ಹೆಚ್ಚಿನ ಭಯ, ಕೆಲವೊಮ್ಮೆ ಅಪಸ್ಮಾರದಂಥ ಸೆಳವು ಸಹ ಕಾಣಿಸಿಕೊಂಡವು. ವೈದ್ಯರು ಹೇಳಿದ ಪ್ರಮಾಣದಲ್ಲೇ ಸೇವಿಸಿದವರಲ್ಲಿಯೂ ಹೀಗಾಗುವುದು 1980ರ ದಶಕದ ಆರಂಭಕ್ಕೆ ಸ್ಪಷ್ಟವಾಯಿತು. ಇಂಗ್ಲೆಂಡಿನ ನ್ಯೂಕ್ಯಾಸಲ್ ನಗರದಲ್ಲಿ ಡಾ. ಹೆದರ್ ಆಶ್ಟನ್ ಅವರು 1982ರಿಂದ 1994ರವರೆಗೆ ಇಂಥವರಿಗಾಗಿಯೇ ಒಂದು ಚಿಕಿತ್ಸಾಲಯ ನಡೆಸಿದರು. ರೋಗಿಯ ದೇಹ ತಾಳುವ ವೇಗದಲ್ಲಿ, ತಿಂಗಳುಗಟ್ಟಲೆ ಸಮಯ ತೆಗೆದುಕೊಂಡು, ಸ್ವಲ್ಪಸ್ವಲ್ಪವೇ ಇಳಿಸಬೇಕೆಂಬುದು ಅವರ ಅನುಭವದ ಸಾರ. 2020ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ಈ ಬಳಗದ ಎಲ್ಲ ಔಷಧಗಳ ಮೇಲೆ ಅವಲಂಬನೆಯ ಕುರಿತಾದ ಕಟ್ಟೆಚ್ಚರಿಕೆಯನ್ನು ಕಡ್ಡಾಯಗೊಳಿಸಿತು.

ಫ್ಲೂಆಕ್ಸೆಟಿನ್ ಬಳಗದ ಔಷಧಗಳು ಹಾಗೆ ಚಟ ಹಿಡಿಸುವುದಿಲ್ಲ. ಆದರೂ ಅವನ್ನು ಒಮ್ಮೆಗೇ ಬಿಟ್ಟರೆ ತಲೆಸುತ್ತು, ವಾಕರಿಕೆ, ಸಿಡುಕು, ತಲೆಯೊಳಗೆ ವಿದ್ಯುತ್ ಹರಿದಂಥ ಅನುಭವ ಹಲವರಲ್ಲಿ ಉಂಟಾಗುತ್ತದೆ. ಇದು ಬಹಳ ಕಾಲ ಹಗುರವೆಂದು ಎಣಿಸಲಾಗಿದ್ದ ತೊಂದರೆ. ಕೆಲವರಲ್ಲಿ ಅದು ತೀವ್ರವೂ ದೀರ್ಘವೂ ಆಗಬಹುದೆಂದು ಬ್ರಿಟನ್ನಿನ ಮನೋವೈದ್ಯರ ಸಂಘ 2019ರಲ್ಲಿ ಒಪ್ಪಿಕೊಂಡಿತು. ಪ್ರಮಾಣ ಕಡಿಮೆಯಾದಂತೆಲ್ಲ ಇಳಿಸುವ ಹೆಜ್ಜೆಯೂ ಚಿಕ್ಕದಾಗಬೇಕೆಂಬುದು ಈಗಿನ ತಿಳಿವಳಿಕೆ.

ಇಲ್ಲಿ ಮನೆಯವರು ಒಂದು ವ್ಯತ್ಯಾಸವನ್ನು ಗಮನಿಸಬೇಕು. ಮಾತ್ರೆ ಬಿಟ್ಟ ಕೆಲವೇ ದಿನಗಳಲ್ಲಿ ತಲೆಸುತ್ತಿನಂಥ ಹೊಸ ಲಕ್ಷಣಗಳೊಡನೆ ಬರುವ ತಳಮಳ ಹೆಚ್ಚಾಗಿ ಔಷಧ ಬಿಟ್ಟುದರ ಪರಿಣಾಮ. ವಾರಗಳೋ ತಿಂಗಳುಗಳೋ ಕಳೆದು, ಹಳೆಯ ರೂಪದಲ್ಲೇ ಮೆಲ್ಲಮೆಲ್ಲನೆ ಮರಳುವುದು ಹೆಚ್ಚಾಗಿ ಕಾಯಿಲೆಯೇ. ಎರಡನ್ನೂ ಬೇರ್ಪಡಿಸಿ ನೋಡುವುದು ಅನುಭವಿ ವೈದ್ಯರಿಗೂ ಸುಲಭವಲ್ಲ. ಅಂದಮೇಲೆ ನಾವು ಮನೆಯಲ್ಲೇ ಕುಳಿತು ತೀರ್ಪು ಕೊಡುವುದು ಹೇಗೆ?

ಹಾಗಾದರೆ ನಿಲ್ಲಿಸಿದವರ ಗತಿ ಏನಾಗುತ್ತದೆ? 2017ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಅಧ್ಯಯನ ಇದಕ್ಕೆ ನೇರ ಉತ್ತರ ಕೊಡುತ್ತದೆ. ಆತಂಕದ ಕಾಯಿಲೆಗೆ ಔಷಧ ಪಡೆದು ಸುಧಾರಿಸಿದ ಐದು ಸಾವಿರಕ್ಕೂ ಮಿಕ್ಕಿದ ರೋಗಿಗಳ 28 ಪ್ರಯೋಗಗಳನ್ನು ಅದು ಒಟ್ಟುಗೂಡಿಸಿತ್ತು. ಒಂದು ವರ್ಷದವರೆಗಿನ ಅವಧಿಯಲ್ಲಿ, ಔಷಧ ಮುಂದುವರಿಸಿದವರಲ್ಲಿ ನೂರಕ್ಕೆ ಸುಮಾರು 16 ಮಂದಿಗೆ ಕಾಯಿಲೆ ಮರುಕಳಿಸಿತು. ನಿಲ್ಲಿಸಿದವರಲ್ಲಿ ನೂರಕ್ಕೆ ಸುಮಾರು 36 ಮಂದಿಗೆ ಮರುಕಳಿಸಿತು. ಈ ಅಂಕಿಗಳನ್ನು ಎರಡೂ ಕಡೆಯಿಂದ ಓದಬೇಕು. ನಿಲ್ಲಿಸಿದರೆ ಅಪಾಯ ಎರಡು ಪಟ್ಟು ಹೆಚ್ಚುತ್ತದೆ ಎಂಬುದು ನಿಜ. ನಿಲ್ಲಿಸಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆ ಅವಧಿಯಲ್ಲಿ ಚೆನ್ನಾಗಿಯೇ ಇದ್ದರು ಎಂಬುದೂ ಅಷ್ಟೇ ನಿಜ. ‘ಜೀವನಪರ್ಯಂತ ನುಂಗಲೇಬೇಕು’ ಎಂಬ ನೆರೆಯವರ ಮಾತಿಗೂ, ‘ನಾಳೆಯೇ ಬಿಟ್ಟುಬಿಡು’ ಎಂಬ ನೆಂಟರ ಮಾತಿಗೂ ಈ ಅಂಕಿಗಳಲ್ಲಿ ಆಧಾರವಿಲ್ಲ.

ಗೋಡೆಯಿಂದ ಹಳ್ಳಿಗೆ

ಔಷಧ ಬಂದ ಕಾಲದಲ್ಲೇ ನಮ್ಮ ದೇಶದಲ್ಲಿ ಇನ್ನೊಂದು ಬದಲಾವಣೆಯೂ ನಡೆಯಿತು. 1950ರ ದಶಕದಲ್ಲಿ ಅಮೃತಸರದ ಡಾ. ವಿದ್ಯಾಸಾಗರ್ ಅವರು ರೋಗಿಗಳ ಮನೆಯವರನ್ನೇ ಆಸ್ಪತ್ರೆಯ ಅಂಗಳಕ್ಕೆ ಕರೆಸಿ, ಡೇರೆಗಳಲ್ಲಿ ಉಳಿಸಿಕೊಂಡು, ಆರೈಕೆಯಲ್ಲಿ ಪಾಲುದಾರರನ್ನಾಗಿ ಮಾಡಿದರು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು 1957ರಲ್ಲಿ ತೆರೆದ ಮಾನಸಿಕ ಆರೋಗ್ಯ ಕೇಂದ್ರದಲ್ಲಿಯೂ ಮನೆಯವರು ರೋಗಿಯ ಜೊತೆಗೇ ಇರುವ ಪದ್ಧತಿ ಬೆಳೆಯಿತು. ಪಾಶ್ಚಾತ್ಯರು ಕುಟುಂಬವನ್ನು ಹೊರಗಿಟ್ಟಾಗ ನಮ್ಮವರು ಒಳಗೆ ಕರೆದರು.

ಬೆಂಗಳೂರಿನಲ್ಲಿ 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಮತ್ತು ಅಲ್ಲಿನ ಹಳೆಯ ಮಾನಸಿಕ ಆಸ್ಪತ್ರೆ ಸೇರಿ 1974ರ ಡಿಸೆಂಬರ್ 27ರಂದು ನಿಮ್ಹಾನ್ಸ್ ಆಯಿತು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ರೂಪುಗೊಂಡಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರಿಗೇ ತರಬೇತಿ ಕೊಟ್ಟು ಹಳ್ಳಿಯಲ್ಲೇ ಚಿಕಿತ್ಸೆ ದೊರಕಿಸುವ ಪ್ರಯೋಗವನ್ನು ನಿಮ್ಹಾನ್ಸ್ 1985ರಲ್ಲಿ ಕೈಗೊಂಡುದು ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ. 1996ರಲ್ಲಿ ದೇಶಮಟ್ಟದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾದಾಗ ಅದಕ್ಕೆ ಮಾದರಿಯಾದುದು ಅದೇ ಬಳ್ಳಾರಿ. ನಿಮ್ಹಾನ್ಸ್‌ನ ಡಾ. ಸಿ. ಆರ್. ಚಂದ್ರಶೇಖರ್ ಅವರಂಥವರು ಸರಳ ಕನ್ನಡದಲ್ಲಿ ಹತ್ತಾರು ಪುಸ್ತಕಗಳನ್ನು ಬರೆದು ಈ ಕಾಯಿಲೆಗಳ ಕುರಿತು ನಾಚಿಕೆಯಿಲ್ಲದೆ ಮಾತನಾಡುವುದನ್ನು ಕನ್ನಡಿಗರಿಗೆ ಕಲಿಸಿದರು.

ಇಷ್ಟಾದರೂ ದಾರಿ ಇನ್ನೂ ಬಹಳ ಉಳಿದಿದೆ. ನಿಮ್ಹಾನ್ಸ್ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಆತಂಕ, ಖಿನ್ನತೆಯಂಥ ಸಾಮಾನ್ಯ ಮನೋರೋಗಗಳುಳ್ಳ ನೂರು ಮಂದಿಯಲ್ಲಿ ಸುಮಾರು 85 ಮಂದಿ ಯಾವ ಚಿಕಿತ್ಸೆಯನ್ನೂ ಪಡೆಯುತ್ತಿರಲಿಲ್ಲ. ಅಂದರೆ ಮಾತ್ರೆ ನಿಲ್ಲಿಸಬೇಕೇ ಎಂದು ಯೋಚಿಸುವ ಒಬ್ಬರ ಹಿಂದೆ, ಮಾತ್ರೆಯನ್ನಾಗಲಿ ಆಪ್ತಸಲಹೆಯನ್ನಾಗಲಿ ಕಾಣದೆ ಒಳಗೊಳಗೇ ಬೇಯುವ ಹಲವರು ನಿಂತಿದ್ದಾರೆ.

ಸಂತರ ನಡುವೆ ನಡುಗುವವರು

ಪ್ರಿಯ ಓದುಗರೇ, ಈಗ ಪ್ರಶ್ನೆಯ ಎರಡನೆಯ ಮುಖಕ್ಕೆ ಬರೋಣ. ನಿಜವಾದ ವಿಶ್ವಾಸವುಳ್ಳವರಿಗೆ ಆತಂಕ ಬರುವುದಿಲ್ಲವೇ?

ನೆಲ್ಯಾಡಿಯ ಸುತ್ತಿನ ಎಷ್ಟೋ ಮನೆಗಳ ಗೋಡೆಯಲ್ಲಿ ಸಂತ ಅಲ್ಫೋನ್ಸಮ್ಮನ ಚಿತ್ರವಿದೆ. 1940ರ ಅಕ್ಟೋಬರಿನ ಒಂದು ನಡುರಾತ್ರಿ ಅವರ ಕೋಣೆಗೆ ಕಳ್ಳನೊಬ್ಬ ನುಗ್ಗಿದ. ಆ ಆಘಾತದಿಂದ ಅವರ ನೆನಪಿನ ಶಕ್ತಿಯೇ ಕುಂದಿಹೋಯಿತು. 2008ರ ಅಕ್ಟೋಬರ್ 12ರಂದು ಅವರನ್ನು ಸಂತಪದವಿಗೇರಿಸುವಾಗ ಧರ್ಮಸಭೆ ಆ ದೌರ್ಬಲ್ಯವನ್ನು ಕಳಂಕವೆಂದು ಎಣಿಸಲಿಲ್ಲ. ಬಾಲಯೇಸುವಿನ ಸಂತ ತೆರೇಸಮ್ಮನ ತಂದೆ ಲೂಯಿ ಮಾರ್ತಿನ್ ಅವರು 1889ರಿಂದ ಮೂರು ವರ್ಷಗಳ ಕಾಲ ಫ್ರಾನ್ಸಿನ ಕಾನ್ ನಗರದ ಮಾನಸಿಕ ಆಸ್ಪತ್ರೆಯಲ್ಲಿದ್ದರು. ಊರಿನವರ ಮಾತುಗಳು ಕಾರ್ಮೆಲ್ ಮಠದೊಳಗಿದ್ದ ಮಕ್ಕಳನ್ನು ಚುಚ್ಚಿದವು. ಆ ತಂದೆಯೂ ಅವರ ಪತ್ನಿ ಸೆಲಿಯವರೂ 2015ರ ಅಕ್ಟೋಬರ್ 18ರಂದು ಒಟ್ಟಿಗೇ ಸಂತರೆಂದು ಘೋಷಿಸಲ್ಪಟ್ಟರು.

ನಮ್ಮ ಪ್ರಶ್ನೆಗೆ ಇನ್ನೂ ಹತ್ತಿರವಾದವರು ಲೊಯೋಲಾದ ಸಂತ ಇಗ್ನೇಷಿಯಸ್. 1522ರಲ್ಲಿ ಸ್ಪೇನಿನ ಮನ್ರೇಸಾದಲ್ಲಿದ್ದಾಗ ಅವರನ್ನು ಪಾಪಶಂಕೆ ಆವರಿಸಿತು. ಒಮ್ಮೆ ನಿವೇದಿಸಿದ ಪಾಪಗಳನ್ನೇ ಮತ್ತೆ ಮತ್ತೆ ನಿವೇದಿಸಿದರೂ ಸಮಾಧಾನವಿಲ್ಲ. ಪ್ರಾಣ ಕಳೆದುಕೊಳ್ಳಬೇಕೆಂಬ ಪ್ರಲೋಭನೆಯೂ ಬಂತೆಂದು ಅವರೇ ಮುಂದೆ ತಿಳಿಸಿದ್ದಾರೆ. ದೇವರು ಈ ಬಾಧೆಯನ್ನು ನೀಗುವವರೆಗೆ ಊಟ ಮಾಡುವುದಿಲ್ಲವೆಂದು ನಿಶ್ಚಯಿಸಿ ಒಂದು ವಾರ ಪೂರ್ತಿ ಉಪವಾಸವಿದ್ದರು. ವಿಷಯ ತಿಳಿದ ಅವರ ಪಾಪನಿವೇದನೆಯ ಗುರುಗಳು ಉಪವಾಸ ಮುರಿಯಬೇಕೆಂದು ಆಜ್ಞಾಪಿಸಿದರು. ಇಗ್ನೇಷಿಯಸರು ಆ ಆಜ್ಞೆಗೆ ಮಣಿದು ಉಂಡರು. ತಮ್ಮ ಮನಸ್ಸನ್ನು ತಾವೇ ಅಳೆಯಲಾಗದ ಹೊತ್ತಿನಲ್ಲಿ ಇನ್ನೊಬ್ಬರ ಕಣ್ಣನ್ನು ನಂಬಿದರು.

ಆ ಅನುಭವದಿಂದ ಅವರು ‘ಆಧ್ಯಾತ್ಮಿಕ ಸಾಧನೆಗಳು’ ಎಂಬ ತಮ್ಮ ಕೃತಿಯಲ್ಲಿ ಎರಡು ಬುದ್ಧಿಮಾತುಗಳನ್ನು ಇರಿಸಿದ್ದಾರೆ. ಮನಸ್ಸು ಕತ್ತಲಲ್ಲಿರುವಾಗ ಹಿಂದೆ ಕೈಗೊಂಡ ನಿರ್ಧಾರವನ್ನು ಬದಲಿಸಬಾರದು ಎಂಬುದು ಒಂದು. ಇದು ಅನೇಕರಿಗೆ ಗೊತ್ತು. ಧ್ಯಾನಕೂಟದಲ್ಲಿರುವವನು ಭಕ್ತಿಯ ಆವೇಶದಲ್ಲಿ ಉಕ್ಕುತ್ತಿರುವಾಗ ದುಡುಕಿನ ಹರಕೆ ಹೊರದಂತೆ ಗುರು ಎಚ್ಚರಿಸಬೇಕು ಎಂಬುದು ಇನ್ನೊಂದು. ಇದನ್ನು ನಾವು ಮರೆತಿದ್ದೇವೆ. ಧ್ಯಾನಕೂಟದ ಕೊನೆಯ ದಿನ, ಕಣ್ಣೀರು ಹರಿದು ಹೃದಯ ಹಗುರವಾದ ಗಳಿಗೆಯಲ್ಲಿ, ‘ಇಂದಿನಿಂದ ಮಾತ್ರೆ ಬೇಡ’ ಎಂದು ಕಸದ ಬುಟ್ಟಿಗೆ ಎಸೆಯುವವರು ಮುರಿಯುತ್ತಿರುವುದು ಈ ಎರಡನೆಯ ನಿಯಮವನ್ನು. ಕಣ್ಣೀರು ದೇವರ ವರವೇ ಇರಬಹುದು. ಆದರೆ ಮಾತ್ರೆಯ ಕುರಿತಾದ ನಿರ್ಧಾರ ಮುಂದಿನ ವಾರದ ಶಾಂತ ಮನಸ್ಸಿಗೆ ಕಾಯಬಲ್ಲದು.

ಪವಿತ್ರ ಗ್ರಂಥವೂ ಇದನ್ನೇ ಹೇಳುತ್ತದೆ. ಸಿರಾಖನ ಗ್ರಂಥದ 38ನೆಯ ಅಧ್ಯಾಯವನ್ನು ಇಂದು ರಾತ್ರಿಯೇ ಮನೆಯಲ್ಲಿ ಓದಿ. ಔಷಧವನ್ನು ಭೂಮಿಯಿಂದ ಹೊರತಂದವರು ದೇವರೇ ಎಂದೂ, ಕಾಯಿಲೆ ಬಿದ್ದಾಗ ಮೊದಲು ಪ್ರಾರ್ಥಿಸಿ, ಅನಂತರ ವೈದ್ಯನಿಗೆ ಎಡೆಗೊಡಬೇಕೆಂದೂ ಅಲ್ಲಿ ಸ್ಪಷ್ಟವಾಗಿದೆ. ಪ್ರಾರ್ಥನೆಗೂ ವೈದ್ಯನಿಗೂ ಅಲ್ಲಿ ಪೈಪೋಟಿಯಿಲ್ಲ. ಗೆತ್ಸೆಮನೆಯ ತೋಪಿನಲ್ಲಿ ಪ್ರಭುವೇ ನಡುಗಿದರು, ಅವರ ಬೆವರು ರಕ್ತದ ಹನಿಗಳಂತೆ ನೆಲಕ್ಕೆ ಬಿತ್ತು. ಅದನ್ನು ಬರೆದಿಟ್ಟ ಶುಭಸಂದೇಶಕಾರ ಲೂಕನನ್ನು ಸಂತ ಪೌಲರು ವೈದ್ಯನೆಂದು ಕರೆದಿದ್ದಾರೆ.

ನನ್ನದೇ ಒಂದು ಮಾತು

ಪಾಪನಿವೇದನೆಯ ಪೀಠದಲ್ಲಿಯೂ ಹೊರಗೂ ಕೇಳಿದ ಇತರರ ಕಥೆಗಳನ್ನು ಹೇಳುವ ಹಕ್ಕು ನನಗಿಲ್ಲ. ಆದ್ದರಿಂದ ನನ್ನದನ್ನೇ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ, ಒಂದು ಸಾಮಾನ್ಯ ದಿನದ ಬಲಿಪೂಜೆಯ ನಡುವೆ ನನ್ನ ಎದೆ ಓಡತೊಡಗಿತು. ಉಸಿರು ಸಿಗಲಿಲ್ಲ. ಹೃದಯಾಘಾತವೆಂದೇ ತಿಳಿದೆ. ಪರೀಕ್ಷೆಗಳಲ್ಲಿ ಹೃದಯ ಸರಿಯಾಗಿತ್ತು. ಮತ್ತೆ ಮತ್ತೆ ಹೀಗಾದಾಗ ವೈದ್ಯರು ನನ್ನನ್ನು ಮನೋವೈದ್ಯರ ಬಳಿ ಕಳುಹಿಸಿದರು. ದಿನಕ್ಕೊಂದು ಮಾತ್ರೆ ಆರಂಭವಾಯಿತು. ಎರಡು ತಿಂಗಳಲ್ಲಿ ಪೀಠದ ಮುಂದೆ ನೆಮ್ಮದಿಯಿಂದ ನಿಲ್ಲುವಂತಾಯಿತು. ಆದರೆ ಮಾತ್ರೆಯ ಹಾಳೆಯನ್ನು ನಾನೂ ಪ್ರಾರ್ಥನಾಪುಸ್ತಕದ ಹಿಂದೆ ಅಡಗಿಸಿಡುತ್ತಿದ್ದೆ. ‘ಹೆದರಬೇಡಿ’ ಎಂದು ಪ್ರಬೋಧನೆ ಮಾಡುವ ಗುರುವೇ ಹೆದರಿಕೆಗೆ ಮಾತ್ರೆ ನುಂಗುವುದೇ ಎಂಬ ನಾಚಿಕೆ.

ಮರುವರ್ಷದ ಬೂದಿ ಬುಧವಾರದಂದು ಅದನ್ನು ತಪಸ್ಸು ಕಾಲದ ತ್ಯಾಗವೆಂದು ಭಾವಿಸಿ ನಿಲ್ಲಿಸಿದೆ. ಯಾರನ್ನೂ ಕೇಳಲಿಲ್ಲ. ನಾಲ್ಕನೆಯ ದಿನಕ್ಕೆ ತಲೆಸುತ್ತು, ಎರಡನೆಯ ವಾರಕ್ಕೆ ನಿದ್ರೆ ಪೂರ್ತಿ ಹೋಯಿತು. ಶಿಲುಬೆಯ ಹಾದಿಯನ್ನು ನಡೆಸಲು ನಿಂತವನು ಐದನೆಯ ಸ್ಥಳದಲ್ಲಿ ಗೋಡೆ ಹಿಡಿದು ಕುಳಿತೆ. ಜೊತೆಗಿದ್ದ ಹಿರಿಯ ಗುರುಗಳು ರಾತ್ರಿ ನನ್ನ ಕೋಣೆಗೆ ಬಂದು, ನಡೆದುದೆಲ್ಲವನ್ನೂ ಕೇಳಿ, “ನಿಲ್ಲಿಸುವ ಮೊದಲು ಯಾರನ್ನು ಕೇಳಿದಿರಿ, ಫಾದರ್?” ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. “ಬೇರೆಯವರು ಸಕ್ಕರೆ ಕಾಯಿಲೆಯ ಮಾತ್ರೆಯನ್ನು ತ್ಯಾಗ ಮಾಡಿದರೆ ನೀವು ಒಪ್ಪುತ್ತೀರಾ?” ಎಂದು ಮತ್ತೆ ಕೇಳಿದರು. ಮರುದಿನ ಅವರೇ ನನ್ನನ್ನು ವೈದ್ಯರ ಬಳಿಗೆ ಕರೆದೊಯ್ದರು.

ಆ ಬಳಿಕ ವೈದ್ಯರ ಜೊತೆ ಕುಳಿತು ಕ್ರಮವಾಗಿ ಯೋಚಿಸಿದೆ. ಆಪ್ತಸಲಹೆಯನ್ನೂ ಪಡೆದೆ. ಭಯ ಬಂದಾಗ ಓಡದೆ, ಅದು ಏರಿ ಇಳಿಯುವುದನ್ನು ನೋಡುತ್ತಾ ನಿಲ್ಲುವುದನ್ನು ಕಲಿತೆ. ಒಂದು ವರ್ಷಕ್ಕಿಂತ ಹೆಚ್ಚು ಕಾಲ ತೆಗೆದುಕೊಂಡು ಮಾತ್ರೆಯ ಪ್ರಮಾಣವನ್ನು ಅರ್ಧಕ್ಕೆ ಇಳಿಸಿದೆವು. ಅದಕ್ಕಿಂತ ಕೆಳಗೆ ಇಳಿಸಿದಾಗ ಹಳೆಯ ರಾತ್ರಿಗಳು ಮರಳಿದವು. ಇಂದಿಗೂ ಆ ಅರ್ಧ ಮಾತ್ರೆಯಲ್ಲಿ ಇದ್ದೇನೆ. ಮುಂದೊಂದು ದಿನ ಅದನ್ನೂ ಬಿಡುವೆನೋ ಇಲ್ಲವೋ ತಿಳಿಯದು. ಅದನ್ನು ಮರೆಮಾಡುವುದನ್ನು ಮಾತ್ರ ಬಿಟ್ಟಿದ್ದೇನೆ.

ಮನೆಗಳಿಗೆ ಒಂದು ವಿನಂತಿ

ಆತಂಕದಿಂದ ಬಳಲುವವರು ನಿಮ್ಮ ಮನೆಯಲ್ಲಿದ್ದರೆ, ಮಾತ್ರೆ ನಿಲ್ಲಿಸುವ ಮಾತು ಬಂದಾಗ ಮೊದಲು ‘ಯಾಕೆ’ ಎಂದು ಕೇಳಿ. ಗುಣವಾಯಿತೆಂದೋ, ಖರ್ಚು ತಾಳದೆಂದೋ, ತೂಕ ಹೆಚ್ಚಿ ನಿದ್ರೆ ಕವಿಯುತ್ತದೆಂದೋ, ಮದುವೆಯ ಸಂಬಂಧ ಕುದುರುವುದಿಲ್ಲವೆಂದೋ, ಗರ್ಭಿಣಿಯಾಗುವ ಆಸೆಯಿಂದಲೋ, ಇಲ್ಲವೇ ಯಾರದೋ ಟೀಕೆಗೆ ನೊಂದೋ ಅವರು ಹಾಗೆ ಯೋಚಿಸುತ್ತಿರಬಹುದು. ಒಂದೊಂದು ಕಾರಣಕ್ಕೂ ಬೇರೆಬೇರೆ ಉತ್ತರವಿದೆ. ಆ ಕಾರಣವನ್ನು ವೈದ್ಯರ ಮುಂದೆ ಮುಚ್ಚಿಡದೆ ಹೇಳಿ. ಔಷಧ ಬದಲಿಸುವುದರಿಂದಲೇ ಎಷ್ಟೋ ತೊಡಕುಗಳು ನೀಗುತ್ತವೆ.

ಗುಣವಾದ ಮೇಲೆಯೂ ಸಾಮಾನ್ಯವಾಗಿ ಆರು ತಿಂಗಳಿನಿಂದ ಒಂದು ವರ್ಷದವರೆಗೆ, ಕೆಲವರಿಗೆ ಇನ್ನೂ ಹೆಚ್ಚು ಕಾಲ, ಔಷಧ ಮುಂದುವರಿಸಲು ವೈದ್ಯರು ಹೇಳುತ್ತಾರೆ. ಇಳಿಸಲು ಆರಂಭಿಸುವುದಾದರೆ ಮನೆಯಲ್ಲಿ ಸಾವು, ಮದುವೆ, ಪರೀಕ್ಷೆ, ಸಾಲದ ಗಡುವು ಇಲ್ಲದ ಸಮಾಧಾನದ ಕಾಲವನ್ನು ಆರಿಸಿ. ಹಳೆಯ ಚೀಟಿ ತೋರಿಸಿ ವರ್ಷಗಟ್ಟಲೆ ನಿದ್ರೆಮಾತ್ರೆ ಕೊಳ್ಳುತ್ತಿದ್ದರೆ ಅದನ್ನೂ ವೈದ್ಯರಿಗೆ ತಿಳಿಸಿ. ಆದರೆ ಹೆದರಿ ಒಮ್ಮೆಗೇ ಬಿಡಬೇಡಿ. ಇಳಿಸುವ ದಿನಗಳಲ್ಲಿ ಜೊತೆಗೊಬ್ಬರು ಇರಲಿ. ಮತ್ತೆ ಆರಂಭಿಸಬೇಕಾಗಿ ಬಂದರೆ ‘ಸೋತೆಯಲ್ಲ’ ಎನ್ನಬೇಡಿ.

ಬಾಳೇ ಬೇಡವೆಂಬ ಯೋಚನೆ ಬಂದವರು ಒಂದು ಗಳಿಗೆಯೂ ಒಂಟಿಯಾಗಿರಬ�ಾರದು. 2022ರ ಅಕ್ಟೋಬರ್ 10ರಂದು ಕೇಂದ್ರ ಸರಕಾರ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲಿರುಳೂ ಉಚಿತವಾಗಿ ದೊರೆಯುವ ಆ ದನಿ ಕನ್ನಡದಲ್ಲಿಯೂ ಮಾತನಾಡುತ್ತದೆ. 2018ರ ಮೇ 29ರಿಂದ ಜಾರಿಯಲ್ಲಿರುವ ಮಾನಸಿಕ ಆರೋಗ್ಯ ಕಾಯಿದೆಯು ಸರಕಾರಿ ಆರೋಗ್ಯ ವ್ಯವಸ್ಥೆಯಲ್ಲಿ ಇಂಥ ಚಿಕಿತ್ಸೆ ಪಡೆಯುವುದನ್ನು ಪ್ರತಿಯೊಬ್ಬ ಪ್ರಜೆಯ ಹಕ್ಕೆಂದು ಸಾರಿದೆ.

ಪ್ರಿಯ ಓದುಗರೇ, ಕಲ್ಲಿಕೋಟೆಯ ಗೋಡೆಯಿಂದ ಹಳ್ಳಿಯ ಆರೋಗ್ಯ ಕೇಂದ್ರದವರೆಗೆ ಬರಲು ನಮಗೆ ನೂರು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. ಉಳಿದಿರುವುದು ನಮ್ಮ ಮನೆಯ ಪಡಸಾಲೆಯಿಂದ ಒಳಕೋಣೆಯವರೆಗಿನ ದೂರ. ಇಂದು ರಾತ್ರಿ ಹೆದ್ದಾರಿಯ ಸದ್ದನ್ನು ಕೇಳುತ್ತಾ ಎಚ್ಚರವಾಗಿರುವವರು ನಿಮ್ಮ ಮನೆಯಲ್ಲಿದ್ದರೆ, ಎದ್ದುಹೋಗಿ ಅವರ ಬಳಿ ಸ್ವಲ್ಪ ಹೊತ್ತು ಕುಳಿತುಕೊಳ್ಳಿ. ಜಪಸರದ ಒಂದು ದಶಕವನ್ನು ಒಟ್ಟಿಗೆ ಹೇಳಿ. ಮಾತ್ರೆಯ ಹೊತ್ತಾಗಿದ್ದರೆ ಒಂದು ಲೋಟ ನೀರನ್ನೂ ತಂದುಕೊಡಿ.